ನಿಜಾಮರ ನಾಡನ್ನು ಗಾಜಿನಲ್ಲಿ ಹಿಡಿದಿಟ್ಟ ರಾಜಾ ದೀನ್ ದಯಾಳ್

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ದೂರದ ಕೃಷ್ಣಾ ತೀರದಲ್ಲಿ ಕನ್ನಡ ಮಾತಾಡುವ ಮನೆಗಳುಳ್ಳ ಇನ್ನು ಮೂರು ಊರುಗಳು ಆಂಧ್ರಪ್ರದೇಶದ ಪಾಲಾದವು. ಅವು ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್. ಗದ್ವಾಲ್ ಅಂದಿನವರೆಗೂ ರಾಯಚೂರು ಜಿಲ್ಲೆಯ ತಾಲೂಕಾಗಿತ್ತು. ಮಕ್ತಲ್ ಮತ್ತು ನಾರಾಯಣಪೇಟೆ ಮಹಬೂಬನಗರ ಜಿಲ್ಲೆಯವು. 2014ರಿಂದ ಈ ಮೂರೂ ತೆಲಂಗಾಣದ ಊರುಗಳು. ಗಡಿಯಾಚೆ ಉಳಿದವರ ಸುಖದುಃಖ ಗಡಿಯಾಚೆ ಉಳಿದವರಿಗೇ ಹೆಚ್ಚು ತಿಳಿಯುವುದರಿಂದ ಈ ಊರುಗಳ ಹೆಸರು ಕೇಳಿದಾಗ ನಮಗೆ ನೆಂಟರ ಊರಿನ ಹೆಸರು ಕೇಳಿದಂತಾಗುತ್ತದೆ.

ಮಹಬೂಬನಗರಕ್ಕೆ ಆ ಹೆಸರು ಬಂದದ್ದು 1890ರಲ್ಲಿ. ಅದಕ್ಕೆ ಮುಂಚೆ ಅದು ಪಾಲಮೂರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರನ್ನು ಊರಿಗೆ ಇಟ್ಟರು. ಆ ನಿಜಾಮರ ಮುಖ, ಅವರ ಅರಮನೆ, ಬೇಟೆ, ದರ್ಬಾರು, ಅವರ ನಾಡಿನ ಕೋಟೆಕೊತ್ತಲ ಇಂದು ನಮ್ಮ ಕಣ್ಣಿಗೆ ಕಾಣುವಂತೆ ಉಳಿದಿದ್ದರೆ ಅದಕ್ಕೆ ಬಹುಮಟ್ಟಿಗೆ ಒಬ್ಬರೇ ಕಾರಣ. ಅವರೇ ಛಾಯಾಗ್ರಾಹಕ ರಾಜಾ ದೀನ್ ದಯಾಳ್. ಅವರ ಬಾಳನ್ನು ನಮ್ಮ ಓದುಗರಿಗೆ ಇಲ್ಲಿ ಪರಿಚಯಿಸುತ್ತೇವೆ.

ಸರ್ಧನಾದಿಂದ ಇಂದೂರಿಗೆ

ದೀನ್ ದಯಾಳರು ಹುಟ್ಟಿದ್ದು 1844ರಲ್ಲಿ, ಮೀರತ್ ಸಮೀಪದ ಸರ್ಧನಾ ಎಂಬ ಊರಿನಲ್ಲಿ. ಅವರದು ಜೈನ ಮನೆತನ, ಒಡವೆ ವ್ಯಾಪಾರದವರ ಕುಲ. ಹುಡುಗ ಅಂಗಡಿಯಲ್ಲಿ ಕೂರಲಿಲ್ಲ. 1866ರಲ್ಲಿ ರೂರ್ಕಿಯ ಥಾಮ್ಸನ್ ಕಾಲೇಜಿಗೆ ಸೇರಿದರು. ಆ ಕಾಲದಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದ ಪ್ರಸಿದ್ಧ ವಿದ್ಯಾಲಯವದು. ನಕ್ಷೆ ಬರೆಯುವುದು, ಅಳತೆ ತೆಗೆಯುವುದು, ಅಂದಾಜು ಪಟ್ಟಿ ಮಾಡುವುದು ಅಲ್ಲಿ ಅವರಿಗೆ ಒಲಿದ ವಿದ್ಯೆಗಳು. ಬಳಿಕ ಇಂದೂರಿನಲ್ಲಿ ಲೋಕೋಪಯೋಗಿ ಇಲಾಖೆಯ ನಕ್ಷೆಗಾರರಾಗಿ, ಅಂದಾಜುಗಾರರಾಗಿ ನೌಕರಿಗೆ ನಿಂತರು.

ಕೆಮರಾ ಅವರ ಕೈಗೆ ಬಂದದ್ದು 1874ರ ಸುಮಾರಿಗೆ. ಆಗ ಅವರಿಗೆ ಮೂವತ್ತು ವರ್ಷ. ಹವ್ಯಾಸವಾಗಿ ಆರಂಭವಾದ ಕೆಲಸವಾದರೂ ಅವರು ಅದನ್ನು ನೌಕರಿಯಷ್ಟೇ ಶಿಸ್ತಿನಿಂದ ಮಾಡಿದರು. ಇಂದೂರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್ ಬೆನ್ನು ತಟ್ಟಿದರು. ಮಧ್ಯಭಾರತದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಸರ್ ಹೆನ್ರಿ ಡೇಲಿಯವರೂ ನೆರವಾದರು. 1875-76ರಲ್ಲಿ ವೇಲ್ಸ್ ರಾಜಕುಮಾರರು ಭಾರತಕ್ಕೆ ಬಂದಾಗ ಅವರ ಚಿತ್ರ ತೆಗೆಯುವ ಅವಕಾಶವೂ ದೊರೆಯಿತು.

ಅಂದಿನ ಛಾಯಾಗ್ರಹಣ ಎಂದರೆ ಇಂದಿನವರಿಗೆ ಊಹಿಸಲೂ ಕಷ್ಟ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿಯಬೇಕು. ಕತ್ತಲೆಯಲ್ಲಿ ಅದನ್ನು ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಬೇಕು. ಹಸಿ ಆರುವ ಮುಂಚೆ ಕೆಮರಾಕ್ಕೆ ಹಾಕಿ ಚಿತ್ರ ತೆಗೆದು, ಒಣಗುವುದರೊಳಗೆ ರಾಸಾಯನಿಕದಲ್ಲಿ ತೊಳೆಯಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ಎಲ್ಲವೂ ಮುಗಿಯಬೇಕು. ಬೇಸಗೆಯ ಬಿಸಿಲಿನಲ್ಲಿ ಅಷ್ಟೂ ಸಮಯ ಸಿಗದು. ಆದ್ದರಿಂದ ಊರೂರಿಗೆ ಹೋಗುವ ಛಾಯಾಗ್ರಾಹಕನ ಸಂಗಡ ಮರದ ದೊಡ್ಡ ಕೆಮರಾ, ಮುಕ್ಕಾಲಿ, ಗಾಜಿನ ಪೆಟ್ಟಿಗೆಗಳು, ಸೀಸೆಗಳು, ಕತ್ತಲೆ ಡೇರೆ, ಶುದ್ಧ ನೀರು ಎಲ್ಲವೂ ಹೋಗಬೇಕಾಗಿತ್ತು. ಹೊತ್ತು ತರುವ ಆಳುಗಳು ಬೇರೆ. ಮುಂದೆ 1880ರ ದಶಕದಲ್ಲಿ ಒಣ ಗಾಜಿನ ಪ್ಲೇಟುಗಳು ಬಳಕೆಗೆ ಬಂದು ಡೇರೆಯ ಕಷ್ಟ ತಪ್ಪಿತು. ಆದರೆ ಗಾಜಿನ ಭಾರ ತಪ್ಪಲಿಲ್ಲ. ಆಗ ಚಿತ್ರವನ್ನು ಹಿಗ್ಗಿಸಿ ಅಚ್ಚು ಮಾಡುವ ರೂಢಿ ಇರಲಿಲ್ಲ. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಗಾಜು ಹೊರಬೇಕು. ಗಾಜನ್ನು ಕಾಗದಕ್ಕೆ ಒತ್ತಿ ಬಿಸಿಲಿಗಿಟ್ಟು ಅಚ್ಚು ಪಡೆಯುತ್ತಿದ್ದರು.

ಕಟ್ಟಡಗಳ ಕಣ್ಣು

1882ರಲ್ಲಿ ಮಧ್ಯಭಾರತದ ಪ್ರತಿನಿಧಿ ಸರ್ ಲೆಪೆಲ್ ಗ್ರಿಫಿನ್ ಪ್ರಾಚೀನ ಸ್ಮಾರಕಗಳನ್ನು ನೋಡಲು ಪ್ರವಾಸ ಹೊರಟರು. ದೀನ್ ದಯಾಳರು ಜೊತೆಗೆ ಹೋದರು. ಗ್ವಾಲಿಯರ್, ಖಜುರಾಹೊ, ಸಾಂಚಿ ಮೊದಲಾದೆಡೆಗಳ ಚಿತ್ರಗಳು ಅವರ ಸಂಗ್ರಹಕ್ಕೆ ಸೇರಿದವು. ಈ ಪ್ರವಾಸದ ಫಲವಾಗಿ 1886ರಲ್ಲಿ ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳನ್ನು ಕುರಿತ ದೊಡ್ಡ ಗ್ರಂಥ ಗ್ರಿಫಿನರ ಹೆಸರಿನಲ್ಲಿ ಹೊರಬಂತು. ಗ್ರಂಥದ ಜೀವಾಳ ದೀನ್ ದಯಾಳರ ಚಿತ್ರಗಳು.

ಆ ಚಿತ್ರಗಳನ್ನು ನೋಡಿದರೆ ನಕ್ಷೆಗಾರನ ಕೈ ಗುರುತಿಸಬಹುದು. ಗೋಪುರ ವಾಲುವುದಿಲ್ಲ, ಗೋಡೆ ಬಾಗುವುದಿಲ್ಲ. ಕಟ್ಟಡದ ಬುಡದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ ಎತ್ತರದ ಅಳತೆ ತೋರಿಸುವ ಕ್ರಮವೂ ಇದೆ. ನೆರಳು ಎಲ್ಲಿ ಬಿದ್ದರೆ ಕೆತ್ತನೆ ಎದ್ದು ಕಾಣುತ್ತದೆಂಬುದನ್ನು ಕಾದು ನೋಡಿ ತೆಗೆದ ಚಿತ್ರಗಳವು. ಕಟ್ಟುವ ವಿದ್ಯೆ ಬಲ್ಲವರಾದ್ದರಿಂದ ಕಟ್ಟಿದ್ದನ್ನು ತೋರಿಸುವ ವಿದ್ಯೆಯೂ ಅವರಿಗೆ ಸುಲಭವಾಯಿತೆನ್ನಬಹುದು.

ವೈಸರಾಯ್ ಡಫರಿನ್ ಪ್ರಭುಗಳು ಅವರನ್ನು ತಮ್ಮ ಛಾಯಾಗ್ರಾಹಕರಾಗಿ ನೇಮಿಸಿಕೊಂಡರು. ಮುಂದೆ ಬಂದ ವೈಸರಾಯರೂ ಆ ಗೌರವವನ್ನು ಮುಂದುವರಿಸಿದರು. ಕೆಲಸ ಹೆಚ್ಚಿದಂತೆ ದೀನ್ ದಯಾಳರು ಮೊದಲು ರಜೆ ಪಡೆದು, ಬಳಿಕ ಸರಕಾರಿ ನೌಕರಿಯನ್ನೇ ಬಿಟ್ಟರು. ನಿಶ್ಚಿತ ಸಂಬಳ ಬಿಟ್ಟು ಹೊಸ ವಿದ್ಯೆಯೊಂದನ್ನು ನಂಬಿ ಹೊರಡುವುದು ಸಂಸಾರವಂತನಿಗೆ ಸಣ್ಣ ಸಾಹಸವಲ್ಲ.

ಹೈದರಾಬಾದಿನ ಆಶ್ರಯ

1886ರಲ್ಲಿ ಸಿಕಂದರಾಬಾದಿನಲ್ಲಿ ಅವರ ಸ್ಟುಡಿಯೋ ತೆರೆಯಿತು. ಮಹಬೂಬ್ ಅಲಿ ಖಾನರಿಗೆ ಆಗ ಇಪ್ಪತ್ತು ವರ್ಷ. ಎಳೆಯ ಅರಸರಿಗೆ ಕೆಮರಾದ ಮೇಲೆ ಒಲವು ಬೆಳೆಯಿತು. ದೀನ್ ದಯಾಳರು ಆಸ್ಥಾನದ ಛಾಯಾಗ್ರಾಹಕರಾದರು. ಚೌಮಹಲ್ಲಾ ಮತ್ತು ಫಲಕ್‌ನುಮಾ ಅರಮನೆಗಳ ಒಳಾಂಗಣ, ಸೈನ್ಯದ ಕವಾಯತು, ಆನೆಗಳ ಮೆರವಣಿಗೆ, ಹುಲಿ ಬೇಟೆ, ಅತಿಥಿಗಳ ಔತಣ ಎಲ್ಲವೂ ಗಾಜಿನ ಮೇಲೆ ಮೂಡಿದವು. 1893ರಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಹೈದರಾಬಾದಿಗೆ ಬೇಟೆಗೆಂದು ಬಂದಾಗಲೂ ದೀನ್ ದಯಾಳರ ಕೆಮರಾ ಅಲ್ಲಿತ್ತು. 1914ರಲ್ಲಿ ಇದೇ ಯುವರಾಜನ ಕೊಲೆಯಿಂದ ಮೊದಲನೆಯ ಮಹಾಯುದ್ಧಕ್ಕೆ ಕಿಡಿ ಹತ್ತಿದ್ದನ್ನು ಓದುಗರು ಬಲ್ಲರು.

ಅರಮನೆಗಷ್ಟೇ ಅವರು ಅಂಟಿಕೊಳ್ಳಲಿಲ್ಲ. ನಿಜಾಮರ ರಾಜ್ಯದ ದೃಶ್ಯಗಳ ಆಲ್ಬಂಗಳನ್ನು ಸಿದ್ಧಪಡಿಸಿದರು. ಗೋಲ್ಕೊಂಡ, ದೌಲತಾಬಾದ್, ಎಲ್ಲೋರಾಗಳ ಜೊತೆಗೆ ಇಂದು ಕಲಬುರಗಿಯಾಗಿರುವ ಗುಲ್ಬರ್ಗದ ಮತ್ತು ಬೀದರಿನ ಬಹಮನಿ ಕಟ್ಟಡಗಳೂ ಅವರ ಚಿತ್ರಗಳಲ್ಲಿವೆ. ಹೀಗೆ ಕನ್ನಡ ನಾಡಿನ ಒಂದು ಭಾಗದ ಹಳೆಯ ರೂಪವೂ ಅವರಿಂದ ಉಳಿಯಿತು. 1871ರಲ್ಲೇ ಮುಂಬಯಿಯಿಂದ ರಾಯಚೂರಿನ ತನಕ ರೈಲುಹಾದಿ ಮುಗಿದಿತ್ತು. ವಾಡಿ, ಯಾದಗಿರಿ ದಾಟಿ ಮಕ್ತಲಿಗೆ ಸಮೀಪದ ಕೃಷ್ಣಾ ಸ್ಟೇಷನ್ನಿನ ಬಳಿ ಆ ಹಾದಿ ನದಿಯನ್ನು ದಾಟುತ್ತದೆ. ರೈಲು ಬಂದುದರಿಂದ ಗಾಜಿನ ಪೆಟ್ಟಿಗೆಗಳನ್ನು ಒಡೆಯದಂತೆ ಸಾಗಿಸುವುದು ಆ ಕಾಲದ ಛಾಯಾಗ್ರಾಹಕರಿಗೆಲ್ಲ ಸುಲಭವಾಯಿತು. ಸ್ಟೇಷನ್ನಿನಿಂದ ಮುಂದೆ ಎತ್ತಿನ ಗಾಡಿಯೇ ಗತಿ.

1893ರ ಶಿಕಾಗೋ ವಿಶ್ವಮೇಳದಲ್ಲಿ ಅವರ ಚಿತ್ರಗಳು ಪ್ರದರ್ಶನಗೊಂಡವು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಸಂದರ್ಭದಲ್ಲಿ. ಮರುವರ್ಷ, 1894ರಲ್ಲಿ, ನಿಜಾಮರು ದೀನ್ ದಯಾಳರಿಗೆ ರಾಜಾ ಬಹಾದುರ್ ಮುಸವ್ವಿರ್ ಜಂಗ್ ಎಂಬ ಬಿರುದಿತ್ತರು. ಮುಸವ್ವಿರ್ ಎಂದರೆ ಚಿತ್ರಕಾರ. ಅರಸರು ತಾವೇ ಉರ್ದುವಿನಲ್ಲಿ ಕವಿಯಾಗಿದ್ದು, ತಮ್ಮ ಛಾಯಾಗ್ರಾಹಕರನ್ನು ಹೊಗಳಿ ದ್ವಿಪದಿಯೊಂದನ್ನು ಬರೆದರು. 1897ರಲ್ಲಿ ವಿಕ್ಟೋರಿಯಾ ರಾಣಿಯವರ ಛಾಯಾಗ್ರಾಹಕರೆಂಬ ಮನ್ನಣೆಯೂ ಬಂತು.

ಪರದೆಯ ಹಿಂದೆ, ಬರದ ಮುಂದೆ

ಅವರ ಎರಡು ಕೆಲಸಗಳನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಮೊದಲನೆಯದು 1892ರಲ್ಲಿ ಹೈದರಾಬಾದಿನಲ್ಲಿ ತೆರೆದ ಜನಾನಾ ಸ್ಟುಡಿಯೋ. ಪರದೆಯ ಪದ್ಧತಿಯಿದ್ದ ಮನೆತನಗಳ ಸ್ತ್ರೀಯರು ಪರಪುರುಷನ ಮುಂದೆ ಕುಳಿತು ಚಿತ್ರ ತೆಗೆಸಿಕೊಳ್ಳುವಂತಿರಲಿಲ್ಲ. ದೀನ್ ದಯಾಳರು ಅವರಿಗಾಗಿ ಪ್ರತ್ಯೇಕ ಸ್ಟುಡಿಯೋ ಮಾಡಿ, ಕೆನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಯನ್ನು ಅದರ ಮೇಲ್ವಿಚಾರಣೆಗೆ ನೇಮಿಸಿದರು. ಮನೆಯ ನಾಲ್ಕು ಗೋಡೆಯೊಳಗೆ ಹುಟ್ಟಿ ಅಲ್ಲೇ ಅಳಿಯಬೇಕಾಗಿದ್ದ ಎಷ್ಟೋ ಮುಖಗಳು ಅಲ್ಲಿ ಉಳಿದವು. ವ್ಯಾಪಾರದ ಬುದ್ಧಿಯೂ ಅದರಲ್ಲಿ ಇತ್ತು ನಿಜ. ಆದರೆ ಅಜ್ಜಿಯ ಮುಖ ನೋಡಬೇಕೆಂಬ ಮೊಮ್ಮಗಳ ಆಸೆ ಅದರಿಂದ ಈಡೇರಿದ್ದೂ ನಿಜ.

ಎರಡನೆಯದು ಬರಗಾಲದ ಚಿತ್ರಗಳು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ, 1899-1900ರಲ್ಲಿ, ದಖ್ಖನವೂ ಸೇರಿದಂತೆ ಭಾರತದ ದೊಡ್ಡ ಭಾಗಕ್ಕೆ ಘೋರ ಬರ ಬಡಿಯಿತು. ಆ ವರ್ಷಗಳಲ್ಲಿ ಔರಂಗಾಬಾದ್ ಕಡೆಯ ಬರಪರಿಹಾರದ ಕೆಲಸಗಳನ್ನು ದೀನ್ ದಯಾಳರ ಸ್ಟುಡಿಯೋ ಚಿತ್ರಿಸಿತು. ಸರಕಾರ ಮಾಡಿದ ಒಳ್ಳೆಯ ಕೆಲಸವನ್ನು ತೋರಿಸುವುದೇ ಆ ಆಲ್ಬಂನ ಉದ್ದೇಶ. ಆದರೆ ಕೆಮರಾ ಉದ್ದೇಶವನ್ನಷ್ಟೇ ಹಿಡಿಯುವುದಿಲ್ಲ. ಸಾಲಾಗಿ ಕೂರಿಸಿದ ಬಡಜನರ ಎಲುಬುಗಳನ್ನೂ ಅದು ಹಿಡಿಯಿತು. ಫಲಕ್‌ನುಮಾದ ಗಾಜಿನ ದೀಪಗಳನ್ನು ತೆಗೆದ ಸ್ಟುಡಿಯೋದಲ್ಲೇ ಈ ಚಿತ್ರಗಳೂ ತೊಳೆಯಲ್ಪಟ್ಟವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಆ ರಾಜ್ಯದ ಚರಿತ್ರೆಗೆ ಬೇರೆ ವ್ಯಾಖ್ಯಾನ ಬೇಡ.

ಕೊನೆಯ ವರ್ಷಗಳು

1896ರಲ್ಲಿ ದೀನ್ ದಯಾಳರು ಮುಂಬಯಿಯಲ್ಲಿ ಭಾರಿ ಸ್ಟುಡಿಯೋ ತೆರೆದರು. ಮಕ್ಕಳಾದ ಜ್ಞಾನಚಂದ್ ಮತ್ತು ಧರಮಚಂದ್ ಕೆಲಸದಲ್ಲಿ ಜೊತೆಯಾಗಿದ್ದರು. 1902ರಲ್ಲಿ ಕರ್ಜನ್ ದಂಪತಿಗಳು ವರಂಗಲ್ ಕಡೆಯ ಕಾಡಿನಲ್ಲಿ ಬೇಟೆಯಾಡಿದ ಹುಲಿಯೊಂದಿಗೆ ನಿಂತ ಚಿತ್ರ ಇವರದೇ. 1903ರ ದಿಲ್ಲಿ ದರ್ಬಾರನ್ನೂ ಇವರು ಚಿತ್ರಿಸಿದರು. ಆದರೆ 1904ರಲ್ಲಿ ಮಗ ಧರಮಚಂದ್ ತೀರಿಕೊಂಡರು. ಮಗನ ಮರಣದ ಮರುವರ್ಷವೇ, 1905ರಲ್ಲಿ, ದೀನ್ ದಯಾಳರೂ ಕಣ್ಮುಚ್ಚಿದರು. ಆಗ ಅವರಿಗೆ ಅರುವತ್ತೊಂದು ವರ್ಷ. ಆಶ್ರಯದಾತ ನಿಜಾಮರು 1911ರಲ್ಲಿ ಕಾಲವಾದರು. ಬಳಿಕ ಸ್ಟುಡಿಯೋದ ವೈಭವ ಇಳಿಯುತ್ತ ಹೋಯಿತು.

ಒಳ್ಳೆಯ ವಿಷಯವೆಂದರೆ, ಗಾಜುಗಳು ಒಡೆಯದೆ ಉಳಿದವು. ಮನೆಯವರು ತಲೆಮಾರುಗಳ ತನಕ ಅವನ್ನು ಕಾಪಾಡಿಕೊಂಡು ಬಂದರು. 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರ 2857 ಗಾಜಿನ ನೆಗೆಟಿವುಗಳನ್ನು ಕೊಂಡುಕೊಂಡಿತು. 2006ರಲ್ಲಿ ಅಂಚೆ ಇಲಾಖೆ ಅವರ ನೆನಪಿನ ಅಂಚೆಚೀಟಿ ಹೊರಡಿಸಿತು. ಅವರ ಸ್ಟುಡಿಯೋ ಚಿತ್ರಗಳಿಗೆ ಸಂಖ್ಯೆ ಹಾಕುವ ಕ್ರಮ ಇಟ್ಟುಕೊಂಡಿತ್ತು. ಸಂಖ್ಯೆ ಇದ್ದುದರಿಂದಲೇ ಎಷ್ಟೋ ಚಿತ್ರಗಳ ಸ್ಥಳ, ಸಂದರ್ಭಗಳನ್ನು ಇಂದು ಗುರುತಿಸಲು ಸಾಧ್ಯವಾಗಿದೆ. ಅಂದಾಜುಪಟ್ಟಿ ಬರೆದ ಕೈಯ ಶಿಸ್ತು ಕೊನೆಯ ತನಕ ಬಿಡಲಿಲ್ಲ.

ಅವರಿಗೆ ಸಿಗದ ಕೆಮರಾ

ದೀನ್ ದಯಾಳರು ತೀರಿಕೊಂಡು ಸರಿಯಾಗಿ ಇಪ್ಪತ್ತು ವರ್ಷಗಳ ಮೇಲೆ, 1925ರಲ್ಲಿ, ಜರ್ಮನಿಯ ಲೈಟ್ಸ್ ಕಂಪೆನಿಯವರು ಲೈಕಾ ಎಂಬ ಅಂಗೈಯಗಲದ ಕೆಮರಾವನ್ನು ಪೇಟೆಗೆ ತಂದರು. ಅದನ್ನು ರೂಪಿಸಿದ ಓಸ್ಕರ್ ಬಾರ್ನಾಕ್ ಉಬ್ಬಸದ ರೋಗಿ. ಗುಡ್ಡಬೆಟ್ಟಗಳಿಗೆ ದೊಡ್ಡ ಕೆಮರಾ ಹೊರಲಾರದೆ, ಸಿನೆಮಾ ಫಿಲ್ಮನ್ನೇ ಬಳಸುವ ಸಣ್ಣ ಕೆಮರಾ ಮಾಡಿದರು. ನೆಗೆಟಿವಿನ ಅಳತೆ 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದ. ಚಿಕ್ಕ ನೆಗೆಟಿವ್, ದೊಡ್ಡ ಚಿತ್ರ ಎಂಬುದೇ ಅವರ ಸೂತ್ರ. 1932ರಲ್ಲಿ ಅದಕ್ಕೆ ದೂರಮಾಪಕವನ್ನೂ ಲೆನ್ಸಿಗೆ ಜೋಡಿಸಿದರು. ಕೆಮರಾದ ಮುಂದುಗಡೆ ಎರಡು ಪುಟ್ಟ ಕಿಟಕಿಗಳು. ಇಣುಕಿ ನೋಡಿದರೆ ಒಂದೇ ಮುಖದ ಎರಡು ಬಿಂಬ. ಲೆನ್ಸನ್ನು ತಿರುಗಿಸುತ್ತ ಹೋದಂತೆ ಎರಡೂ ಒಂದರ ಮೇಲೊಂದು ಕೂಡುತ್ತವೆ. ಕೂಡಿದ ಕ್ಷಣ ಗುಂಡಿ ಒತ್ತಿದರಾಯಿತು. ಒಳಗೆ ಮೇಲಕ್ಕೆ ಹಾರುವ ಕನ್ನಡಿ ಇಲ್ಲದ್ದರಿಂದ ಸದ್ದು ಕಡಿಮೆ.

ಇಂಥ ಸಣ್ಣ ಕೆಮರಾವೊಂದನ್ನು ಜೋಳಿಗೆಯಲ್ಲಿ ಹಾಕಿಕೊಂಡು ನಾವು ಆ ಮೂರು ಊರುಗಳಲ್ಲಿ ಅಡ್ಡಾಡಿದ್ದೇವೆ. ನಾರಾಯಣಪೇಟೆಯ ನೇಕಾರರ ಕೇರಿಯಲ್ಲಿ ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಮಗ್ಗಗಳಿವೆ. ಕೋಣೆಗೆ ಬೆಳಕು ಒಂದೇ ಕಿಟಕಿಯಿಂದ. ಚೌಕುಳಿ ಸೀರೆಯೊಂದು ಮಗ್ಗದ ಮೇಲಿತ್ತು. ನೇಯುತ್ತಿದ್ದ ಅಜ್ಜಿ ನಮ್ಮನ್ನು ತೆಲುಗು ಬೆರೆತ ಕನ್ನಡದಲ್ಲಿ ಮಾತಾಡಿಸಿ, ಕೂರಲು ಹೇಳಿ, ಲಾಳಿ ನಿಲ್ಲಿಸದೆ ಕೆಲಸ ಮುಂದುವರಿಸಿದರು. ಹತ್ತು ನಿಮಿಷ ಕೂತ ಮೇಲೆ ಕೆಮರಾ ಇದೆಯೆಂಬುದನ್ನೇ ಅವರು ಮರೆತರು. ಮಕ್ತಲಿನಲ್ಲಿ ಪಡುಮಟಿ ಆಂಜನೇಯನ ಗುಡಿಯ ಮುಂದೆ ಹೂ ಕಟ್ಟುವವರು, ಸಂತೆಗೆ ಬಂದ ರೈತರು ಸಿಕ್ಕಿದರು. ಗದ್ವಾಲಿನಲ್ಲಿ ಮಣ್ಣಿನ ಕೋಟೆಯೊಳಗಿನ ಚೆನ್ನಕೇಶವ ದೇವಾಲಯದಿಂದ ಹೊರಬಂದು ಸೀರೆ ನೇಯುವ ಮನೆಗೆ ಹೋದೆವು. ಅಲ್ಲಿ ಹತ್ತಿಯ ಮೈಗೆ ರೇಷ್ಮೆಯ ಅಂಚನ್ನು ಮಗ್ಗದಲ್ಲೇ ಎಳೆಗೆ ಎಳೆ ಹೆಣೆದು ಕೂಡಿಸುತ್ತಾರೆ. ಎರಡು ಬೇರೆ ನೂಲುಗಳು ಒಂದಾಗುವ ಆ ಗೆರೆಯನ್ನು ದೂರಮಾಪಕದಲ್ಲಿ ಹಿಡಿಯಲು ನಮಗೆ ತುಸು ಹೊತ್ತೇ ಬೇಕಾಯಿತು.

ಈ ಮಾತನ್ನು ನಾವು ಹೆಮ್ಮೆಗಾಗಿ ಹೇಳುತ್ತಿಲ್ಲ. ದೀನ್ ದಯಾಳರಿಗೆ ಇಂಥ ಚಿತ್ರ ತೆಗೆಯುವ ಮನಸ್ಸಿದ್ದರೂ ಸಾಧನ ಇರಲಿಲ್ಲ. ಅವರ ಕೆಮರಾ ಮುಕ್ಕಾಲಿಯ ಮೇಲೆ ನಿಂತರೆ ಕೇರಿಯೇ ನಿಲ್ಲಬೇಕಾಗಿತ್ತು. ಎದುರಿಗಿದ್ದವನು ಉಸಿರು ಹಿಡಿದು ಕೂರಬೇಕಾಗಿತ್ತು. ಗಾಜಿಗೆ ದುಡ್ಡು, ಕಾಗದಕ್ಕೆ ದುಡ್ಡು, ಆಳಿಗೆ ದುಡ್ಡು. ಆದ್ದರಿಂದ ಕೊಡಬಲ್ಲವರ ಕಡೆಗೇ ಕೆಮರಾದ ಮುಖ ತಿರುಗಿತು. ಅವರ ಚಿತ್ರಗಳಲ್ಲಿ ಅರಸು ಉಟ್ಟ ಜರತಾರಿ ಉಡುಪಿನ ಒಂದೊಂದು ಎಳೆಯೂ ಕಾಣುತ್ತದೆ. ಅದನ್ನು ನೇಯ್ದವನ ಮುಖ ಕಾಣುವುದಿಲ್ಲ. ಇದು ಅವರೊಬ್ಬರ ಕೊರತೆಯಲ್ಲ, ಆ ಕಾಲದ ಕೊರತೆ. ಇದ್ದ ಸಾಧನದಲ್ಲೇ ಪರದೆಯ ಹಿಂದಿನ ಸ್ತ್ರೀಯರನ್ನೂ ಬರದಲ್ಲಿ ಬಳಲಿದವರನ್ನೂ ತಲುಪಿದ್ದು ಅವರ ದೊಡ್ಡತನ.

ಈಗ ಕಾಲ ತಿರುಗಿದೆ. ಎಲ್ಲರ ಜೇಬಿನಲ್ಲೂ ಫೋನಿದೆ, ಫೋನಿನಲ್ಲಿ ಕೆಮರಾ ಇದೆ. ದಿನಕ್ಕೆ ನೂರು ಚಿತ್ರ ತೆಗೆಯುತ್ತೇವೆ. ಆದರೆ ಹತ್ತು ವರ್ಷ ಕಳೆದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ? ಫೋನು ಕೆಟ್ಟರೆ ಚಿತ್ರವೂ ಹೋಯಿತು. ಉಳಿದರೂ ಯಾರು, ಯಾವ ಊರು, ಯಾವ ವರ್ಷ ಎಂಬ ಬರಹ ಇರುವುದಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದಿನ ಗಾಜು ಇಂದಿಗೂ ಮಾತಾಡುತ್ತಿರುವಾಗ ನಿನ್ನೆ ತೆಗೆದ ಚಿತ್ರ ಮೂಕವಾಗುತ್ತದೆ.

ಗಡಿಯ ಜನರಿಗೆ ಇದು ಇನ್ನಷ್ಟು ಮುಖ್ಯ. ಸರಕಾರದ ಕಡತದಲ್ಲಿ ಜಿಲ್ಲೆಯ ಹೆಸರು ಬದಲಾಗುತ್ತದೆ. ಪಾಲಮೂರು ಮಹಬೂಬನಗರವಾಯಿತು. ಅದರಿಂದ ಒಡೆದು ಗದ್ವಾಲ್ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಬೇರೆ ಜಿಲ್ಲೆಗಳಾದವು. ಅಂಗಡಿಯ ಬೋರ್ಡಿನ ಲಿಪಿ ಬದಲಾಗುತ್ತದೆ, ಶಾಲೆಯ ಪಾಠದ ಮಾತೂ ಬದಲಾಗುತ್ತದೆ. ಒಂದು ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತು, ಅಜ್ಜ ಯಾವ ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದರು, ಮದುವೆಯ ಚಪ್ಪರದ ಮೇಲೆ ಯಾವ ಅಕ್ಷರದಲ್ಲಿ ಸ್ವಾಗತ ಬರೆದಿತ್ತು ಎಂಬುದಕ್ಕೆ ಕೊನೆಗೆ ಉಳಿಯುವ ಸಾಕ್ಷಿ ಮನೆಯ ಆಲ್ಬಂ. ಕಾಸರಗೋಡಿಗೂ ಈ ಮಾತು ಸಲ್ಲುತ್ತದೆ, ಗದ್ವಾಲಿಗೂ ಸಲ್ಲುತ್ತದೆ.

ದೀನ್ ದಯಾಳರಿಗೆ ನಾವು ಸಲ್ಲಿಸಬಹುದಾದ ಗೌರವ ದೊಡ್ಡದೇನೂ ಅಲ್ಲ. ಈ ಭಾನುವಾರ ಪೆಟ್ಟಿಗೆಯಿಂದ ಹಳೆಯ ಫೋಟೋಗಳನ್ನು ಹೊರಗೆ ತೆಗೆಯೋಣ. ಮನೆಯಲ್ಲಿರುವ ಹಿರಿಯರನ್ನು ಹತ್ತಿರ ಕೂರಿಸಿಕೊಂಡು ಒಂದೊಂದೇ ತೋರಿಸೋಣ. ಅವರು ಹೇಳಿದ ಹೆಸರು, ಊರು, ವರ್ಷವನ್ನು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡೋಣ. ಗೆದ್ದಲಿಗೂ ತೇವಕ್ಕೂ ಸಿಗದಂತೆ ಒಣಗಿದ ಜಾಗದಲ್ಲಿ ಇಡೋಣ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.